ಗೇರುಬೀಜ ಹೋಗುತ್ತದೆ, ನುಚ್ಚಕ್ಕಿ ಬರುತ್ತದೆ: ಗಿನಿ-ಬಿಸೌ ಎಂಬ ಪುಟ್ಟ ದೇಶದ ಪಾಡು

ಪಶ್ಚಿಮ ಆಫ್ರಿಕಾದ ಗಿನಿ-ಬಿಸೌ ದೇಶದ ವಿಸ್ತೀರ್ಣ ಹುಡುಕಿದರೆ ಎರಡು ಅಂಕಿ ಸಿಗುತ್ತವೆ. ಒಂದು ಕಡೆ 36,125 ಚದರ ಕಿಲೋಮೀಟರ್ ಅಂತಿರುತ್ತದೆ. ಇನ್ನೊಂದು ಕಡೆ ಸುಮಾರು 28,000. ಯಾವುದೂ ತಪ್ಪಲ್ಲ. ನಡುವಿನ ಎಂಟು ಸಾವಿರ ನೀರಿನ ಪಾಲು. ನದಿಗಳು, ಅಳಿವೆಗಳು, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಮತ್ತೆ ಕಾಣಿಸಿಕೊಳ್ಳುವ ಕೆಸರು ಬಯಲು ಎಲ್ಲ ಸೇರಿ ಅಷ್ಟಾಗುತ್ತದೆ. ಸಮುದ್ರ ದಿನಕ್ಕೆರಡು ಸಲ ಒಳಗೆ ಬಂದು ಹೋಗುವ ದೇಶ ಇದು.

2025ರ ನವೆಂಬರ್ ಕೊನೆಯಲ್ಲಿ ಈ ದೇಶದ ಹೆಸರು ಒಂದೆರಡು ದಿನ ಸುದ್ದಿಯಲ್ಲಿತ್ತು. 23ರಂದು ಅಧ್ಯಕ್ಷರ ಚುನಾವಣೆ ನಡೆಯಿತು. ಫಲಿತಾಂಶ ಬರಲು ಒಂದು ದಿನ ಬಾಕಿ ಇರುವಾಗ, 26ರಂದು, ಸೈನ್ಯ ಅಧಿಕಾರ ಹಿಡಿಯಿತು. ಅಧ್ಯಕ್ಷ ಉಮಾರೊ ಸಿಸೊಕೊ ಎಂಬಾಲೊ ದೇಶ ಬಿಟ್ಟರು. ಜನರಲ್ ಒಬ್ಬರು ಮಧ್ಯಂತರ ಅಧ್ಯಕ್ಷರಾಗಿ ಪ್ರಮಾಣ ಮಾಡಿದರು. ಆಮೇಲೆ ಎಲ್ಲರೂ ಮರೆತರು.

ಸೈನ್ಯ, ಕೊಕೇನ್, ಬಡತನ. ಗಿನಿ-ಬಿಸೌ ಬಗ್ಗೆ ಬರೆಯುವವರು ಈ ಮೂರರಾಚೆ ಹೋಗುವುದು ಕಮ್ಮಿ. ಇತ್ತೀಚೆಗೆ ಹವಾಮಾನ ಬದಲಾವಣೆಯೂ ಪಟ್ಟಿಗೆ ಸೇರಿದೆ. ಸಮುದ್ರ ಏರುತ್ತಿದೆ, ಗದ್ದೆಗೆ ಉಪ್ಪು ನುಗ್ಗುತ್ತಿದೆ, ಜನ ಹಸಿಯುತ್ತಾರೆ ಅನ್ನುವ ಮಾತು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಪ್ಪುನೀರನ್ನು ತಡೆದು ಅನ್ನ ಬೆಳೆಯುವ ವಿದ್ಯೆ ಆ ಜನರಿಗೆ ತಲೆತಲಾಂತರದಿಂದ ಗೊತ್ತಿತ್ತು. ಈಗ ಒಡ್ಡು ಒಡೆಯುತ್ತಿರುವುದಕ್ಕೆ ಸಮುದ್ರ ಎಷ್ಟು ಕಾರಣವೋ, ಒಡ್ಡು ಕಟ್ಟುವ ಕೈಗಳು ಬೇರೆ ಕಡೆ ಹೋಗಿದ್ದೂ ಅಷ್ಟೇ ಕಾರಣ. ಆ ಕೈಗಳು ಹೋಗಿದ್ದು ಗೇರುತೋಪಿಗೆ. ಆ ಗೇರುಬೀಜ ಬರುವುದು ಎಲ್ಲಿಗೆ? ಹೆಚ್ಚಿನದು ಭಾರತಕ್ಕೆ ಮತ್ತು ವಿಯೆಟ್ನಾಂಗೆ.

ಕಣ್ಣೂರಿನ ಸಾಲಿನಲ್ಲೇ ಇರುವ ಊರು

ಭೂಪಟ ತೆಗೆದು ಕಣ್ಣೂರಿನಿಂದ ನೇರ ಪಶ್ಚಿಮಕ್ಕೆ ಬೆರಳು ಎಳೆಯಿರಿ. ಅರಬ್ಬಿ ಸಮುದ್ರ ದಾಟಿ, ಇಡೀ ಆಫ್ರಿಕಾ ದಾಟಿ, ಅಟ್ಲಾಂಟಿಕ್ ತೀರ ಮುಟ್ಟಿದಾಗ ಸಿಗುವುದು ಆ ದೇಶದ ರಾಜಧಾನಿ ಬಿಸೌ ನಗರ. ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಉತ್ತರಕ್ಕೆ ಸೆನೆಗಲ್, ಪೂರ್ವ ಮತ್ತು ದಕ್ಷಿಣಕ್ಕೆ ಗಿನಿ. ದೇಶ ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಚಿಕ್ಕದು. ಜನಸಂಖ್ಯೆ ಸುಮಾರು 22 ಲಕ್ಷ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಹತ್ತಿರಹತ್ತಿರ 21 ಲಕ್ಷ ಜನರಿದ್ದರು ಅಂದರೆ ಅಂದಾಜು ಸಿಗುತ್ತದೆ.

ಅಲ್ಲಿಯ ಮಳೆಯೂ ನೈಋತ್ಯದಿಂದಲೇ ಬರುತ್ತದೆ. ಮೇ ಕೊನೆ ಅಥವಾ ಜೂನ್‌ನಲ್ಲಿ ಶುರು, ಆಗಸ್ಟ್‌ನಲ್ಲಿ ಜೋರು, ಅಕ್ಟೋಬರ್-ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಉಳಿದ ತಿಂಗಳು ಒಣ. ಡಿಸೆಂಬರ್ ಬಂತೆಂದರೆ ಸಹಾರಾ ಕಡೆಯಿಂದ ಹರ್ಮತಾನ್ ಅನ್ನುವ ಒಣಗಾಳಿ ದೂಳು ಹೊತ್ತು ತರುತ್ತದೆ. ದಕ್ಷಿಣದ ಕರಾವಳಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆಯಾಗುತ್ತದೆ. ಈಶಾನ್ಯದ ಒಳನಾಡಿನಲ್ಲಿ ತುಂಬ ಕಮ್ಮಿ. ಮಣ್ಣು ಕೆಂಪು, ಜಂಬಿಟ್ಟಿಗೆಯದು. ಆದರೆ ನಮ್ಮ ಘಟ್ಟದಂಥದ್ದು ಏನೂ ಇಲ್ಲ. ಇಡೀ ದೇಶದ ಅತಿ ಎತ್ತರದ ಜಾಗ ಆಗ್ನೇಯದ ಬೊಯೆ ಗುಡ್ಡಗಳಲ್ಲಿದೆ. ಅದು 300 ಮೀಟರ್ ಆಸುಪಾಸು ಅಷ್ಟೆ.

ನೆಲ ಇಷ್ಟು ತಗ್ಗಾಗಿದ್ದರೆ ಸಮುದ್ರ ಸುಮ್ನೆ ಇರುತ್ತದೆಯೇ? ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ಅಂತರ ಒಂದೂವರೆ-ಎರಡು ಮೀಟರ್. ಬಿಸೌ ಹತ್ತಿರ ದೊಡ್ಡ ಉಬ್ಬರದ ದಿನ ಐದು ಮೀಟರಿನಷ್ಟು. ಜೇಬಾ, ಕಶೇವು, ಕೊರುಬಾಲ್ ನದಿಗಳಲ್ಲಿ ಉಪ್ಪುನೀರು ಬಹಳ ದೂರ ಒಳಗೆ ನುಗ್ಗುತ್ತದೆ. ದಂಡೆಗಳ ತುಂಬ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ದೇಶದ ನೆಲಕ್ಕೆ ಹೋಲಿಸಿದರೆ ಇಷ್ಟು ದೊಡ್ಡ ಪಾಲು ಕಾಂಡ್ಲಾ ಇರುವ ದೇಶಗಳು ಜಗತ್ತಿನಲ್ಲೇ ಕಡಿಮೆ.

ಕಡಲಿಗೆ ಇಳಿದರೆ ಬಿಜಾಗೋಸ್ ದ್ವೀಪಗಳು. ಒಟ್ಟು 88 ದ್ವೀಪ, ನಡುಗಡ್ಡೆಗಳಲ್ಲಿ ಸುಮಾರು ಇಪ್ಪತ್ತರಲ್ಲಿ ಮಾತ್ರ ಜನ ಕಾಯಂ ಆಗಿ ಇರುತ್ತಾರೆ. ಉಳಿದವುಗಳಲ್ಲಿ ಕೆಲವು ದೇವರ ದ್ವೀಪಗಳು. ಅಲ್ಲಿ ಮನೆ ಕಟ್ಟುವಂತಿಲ್ಲ, ಹೆಣ ಹೂಳುವಂತಿಲ್ಲ. ಪೊಯಿಲಾವ್ ಎಂಬ ಪುಟ್ಟ ದ್ವೀಪಕ್ಕೆ ಹಸಿರು ಕಡಲಾಮೆಗಳು ಸಾವಿರಾರು ಸಂಖ್ಯೆಯಲ್ಲಿ ಮೊಟ್ಟೆಯಿಡಲು ಬರುತ್ತವೆ. ಒರಾಂಗೊದಲ್ಲಿ ಉಪ್ಪುನೀರಿಗೂ ಇಳಿಯುವ ನೀರಾನೆಗಳಿವೆ. ಯುರೋಪಿನ ಚಳಿ ತಪ್ಪಿಸಿಕೊಂಡು ಬರುವ ಹಕ್ಕಿಗಳು ಲಕ್ಷಗಟ್ಟಲೆ. 2025ರ ಜುಲೈನಲ್ಲಿ ಯುನೆಸ್ಕೊ ಈ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದೇಶಕ್ಕೆ ಇದು ಮೊದಲ ವಿಶ್ವ ಪರಂಪರೆ ತಾಣ. ಅದಾಗಿ ನಾಲ್ಕು ತಿಂಗಳಿಗೆ ಸೈನ್ಯ ಬಂತು.

ಇಷ್ಟು ಚಿಕ್ಕ ದೇಶದಲ್ಲಿ ಜನಾಂಗಗಳು ಇಪ್ಪತ್ತಕ್ಕೂ ಹೆಚ್ಚು. ಕರಾವಳಿಯ ಭತ್ತದ ರೈತರು ಬಲಾಂಟಾ, ಪೂರ್ವದಲ್ಲಿ ಫುಲಾ ಮತ್ತು ಮಾಂಡಿಂಕಾ, ವಾಯವ್ಯದಲ್ಲಿ ಮಂಜಾಕು ಮತ್ತು ಫೆಲುಪೆ, ರಾಜಧಾನಿಯ ಸುತ್ತ ಪಪೆಲ್, ದ್ವೀಪಗಳಲ್ಲಿ ಬಿಜಾಗೋ. ಸರ್ಕಾರದ ಭಾಷೆ ಪೋರ್ಚುಗೀಸ್. ಸಂತೆಯ, ಬೀದಿಯ, ಜಗಳದ ಭಾಷೆ ಕ್ರಿಯೋಲ್. ಮುಸ್ಲಿಮರು, ಕ್ರೈಸ್ತರು, ಹಳೆಯ ದೈವಗಳನ್ನು ನಂಬುವವರು ಎಲ್ಲರೂ ಇದ್ದಾರೆ. ಇಷ್ಟೊಂದು ರಾಜಕೀಯ ಗಲಾಟೆಯ ನಡುವೆಯೂ ಜನಾಂಗ-ಜನಾಂಗದ ನಡುವೆ ದೊಡ್ಡ ಯುದ್ಧ ಆಗಿಲ್ಲ. ಯಾಕೋ ಈ ಮಾತನ್ನು ಯಾರೂ ಬರೆಯುವುದಿಲ್ಲ.

ಬೊಲಾಂಯಾ: ಸಮುದ್ರದಿಂದ ಕಿತ್ತುಕೊಂಡ ಗದ್ದೆ

ಬಲಾಂಟಾ ರೈತರ ಗದ್ದೆಗೆ ಬೊಲಾಂಯಾ ಅನ್ನುತ್ತಾರೆ. ಕಾಂಡ್ಲಾ ಕಾಡಿನ ಅಂಚಿನಲ್ಲಿ ಮೊದಲು ಕೆಸರಿನ ಒಡ್ಡು ಹಾಕುತ್ತಾರೆ. ಆಳೆತ್ತರಕ್ಕಿಂತ ಉದ್ದದ ಮರದ ಸಲಿಕೆ, ತುದಿಗೆ ಕಬ್ಬಿಣದ ಅಲಗು. ಯಂತ್ರವಿಲ್ಲ, ಎತ್ತಿಲ್ಲ. ಊರಿನ ಒಂದೇ ವಯಸ್ಸಿನ ಹುಡುಗರ ತಂಡ ಸಾಲಾಗಿ ನಿಂತು ಭಾರದ ಕೆಸರನ್ನು ಎತ್ತಿ ಹಾಕುತ್ತದೆ. ಒಡ್ಡು ನಿಂತ ಮೇಲೆ ಒಳಗಿನ ಕಾಂಡ್ಲಾ ಸಾಯುತ್ತದೆ. ಆಮೇಲೆ ಕಾಯಬೇಕು. ಒಂದು ಮಳೆಗಾಲ ಸಾಲುವುದಿಲ್ಲ. ಕೆಲವು ವರ್ಷಗಳ ಮಳೆ ಉಪ್ಪನ್ನು ತೊಳೆದು ಹಾಕಿದ ಮೇಲೆ ಮೊದಲ ನಾಟಿ. ಒಡ್ಡಿನೊಳಗೆ ತಾಳೆಯಂಥ ಮರದ ಪೊಳ್ಳು ಕಾಂಡ ಹೂತಿರುತ್ತಾರೆ. ಇಳಿತದ ಹೊತ್ತಿಗೆ ಅದನ್ನು ತೆರೆದು ಹೆಚ್ಚಿನ ನೀರು ಬಿಡುತ್ತಾರೆ, ಉಬ್ಬರಕ್ಕೆ ಮುಚ್ಚುತ್ತಾರೆ.

ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆ, ಕಗ್ಗ ಭತ್ತ ಕಂಡವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಉಪ್ಪಿನ ಜೊತೆ ರಾಜಿ ಮಾಡಿಕೊಂಡು ಭತ್ತ ಬೆಳೆಯುವ ಬುದ್ಧಿ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿದೆ. ಎರಡೂ ಕಡೆ ಗದ್ದೆ ಪಾಳು ಬೀಳುತ್ತಿರುವ ಕಾರಣವೂ ಒಂದೇ ಥರ. ಒಡ್ಡು ನೋಡಿಕೊಳ್ಳಲು ಊರಿನವರು ಒಟ್ಟಾಗಿ ನಿಲ್ಲುವುದು ಕಷ್ಟವಾಗಿದೆ.

ಬೊಲಾಂಯಾದ ಮಣ್ಣು ತುಂಬ ಸೂಕ್ಷ್ಮ. ತೇವ ಇರುವವರೆಗೆ ಫಲವತ್ತು. ಪೂರ್ತಿ ಒಣಗಲು ಬಿಟ್ಟರೆ ಅದರೊಳಗಿನ ಗಂಧಕ ಗಾಳಿ ತಾಗಿ ಆಮ್ಲವಾಗುತ್ತದೆ, ಮಣ್ಣು ಹುಳಿಯಾಗುತ್ತದೆ. ಹಾಗಾಗಿ ಒಂದು ವರ್ಷ ಮಳೆ ಬೇಗ ನಿಂತರೆ ಆ ವರ್ಷದ ಬೆಳೆ ಮಾತ್ರ ಹೋಗುವುದಿಲ್ಲ, ಮುಂದಿನ ವರ್ಷಕ್ಕೂ ಪೆಟ್ಟು. ಒಡ್ಡು ಒಂದು ಕಡೆ ಒಡೆದು ಸಮುದ್ರ ನುಗ್ಗಿದರಂತೂ ಉಪ್ಪು ತೊಳೆಯುವ ಕೆಲಸ ಮತ್ತೆ ಮೊದಲಿಂದ.

ಇಂಥ ಗದ್ದೆಗಳ ಅಕ್ಕಿಯನ್ನು ಆ ನಾಡು ಪೋರ್ಚುಗೀಸರ ಕಾಲದಲ್ಲಿ ಹೊರದೇಶಕ್ಕೆ ಮಾರುತ್ತಿತ್ತು. ಹೌದು, ಮಾರುತ್ತಿತ್ತು. 1963ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಅದರ ನಾಯಕ ಅಮಿಲ್ಕಾರ್ ಕಬ್ರಾಲ್ ಓದಿದ್ದು ಕೃಷಿ ವಿಜ್ಞಾನ. ಬಂದೂಕು ಹಿಡಿಯುವ ಎಷ್ಟೋ ಮೊದಲು, 1953ರಲ್ಲಿ, ಆ ವಸಾಹತಿನ ಕೃಷಿ ಗಣತಿ ನಡೆಸಿದ್ದು ಆತನೇ. ಪೋರ್ಚುಗೀಸರು ನೆಲಗಡಲೆ ಒಂದನ್ನೇ ರಫ್ತಿಗೆ ಬೆಳೆಸುತ್ತಿದ್ದುದು ಮಣ್ಣನ್ನು ಹೇಗೆ ಹಾಳು ಮಾಡುತ್ತದೆ ಎಂದು ಆಗಲೇ ಎಚ್ಚರಿಸಿದ್ದ. ಹಳ್ಳಿಹಳ್ಳಿ ಸುತ್ತಿ, ಯಾರ ಹೊಲದಲ್ಲಿ ಏನಿದೆ ಎಂದು ತಿಳಿದುಕೊಂಡವನು ಮುಂದೆ ಅದೇ ಹಳ್ಳಿಗಳಲ್ಲಿ ಯುದ್ಧ ಕಟ್ಟಿದ. 1973ರ ಜನವರಿ 20ರಂದು ಪಕ್ಕದ ಗಿನಿ ದೇಶದ ರಾಜಧಾನಿ ಕೊನಾಕ್ರಿಯಲ್ಲಿ ಆತನ ಕೊಲೆಯಾಯಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ದೇಶ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಪೋರ್ಚುಗಲ್ ಒಪ್ಪಿದ್ದು ಮರುವರ್ಷ. ಅಷ್ಟರಲ್ಲಿ ಬಾಂಬಿಗೆ ಸಿಕ್ಕಿ, ಜನ ಓಡಿಹೋಗಿ, ಎಷ್ಟೋ ಒಡ್ಡುಗಳು ಹಾಳಾಗಿದ್ದವು. ಜೊತೆಗೆ 1960ರ ದಶಕದ ಕೊನೆಯಿಂದ ಸಹಾರಾದ ದಕ್ಷಿಣ ಅಂಚಿನ ಸಾಹೆಲ್ ಪ್ರದೇಶದ ಬರ ಇಲ್ಲಿಗೂ ಚಾಚಿ ಮಳೆ ಕಮ್ಮಿಯಾಗಿತ್ತು. ಬಲಾಂಟಾ ರೈತರ ವಿದ್ಯೆಗೆ ಸೋಲು ಶುರುವಾಗಿದ್ದು ಆಗ, ಹವಾಮಾನ ಬದಲಾವಣೆ ಎಂಬ ಮಾತು ಸುದ್ದಿಯಾಗುವ ಎಷ್ಟೋ ಮೊದಲು.

ಗೇರು ಬಂದ ದಾರಿ

ಗೇರುಮರದ ತವರು ಬ್ರೆಜಿಲ್. ಹದಿನಾರನೇ ಶತಮಾನದಲ್ಲಿ ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಆಫ್ರಿಕಾಕ್ಕೆ ಒಯ್ದವರೂ ಅವರೇ. ಆದರೆ ಗಿನಿ-ಬಿಸೌನಲ್ಲಿ ಗೇರು ಎಲ್ಲೆಲ್ಲೂ ಹಬ್ಬಿದ್ದು ತೀರಾ ಈಚೆಗೆ, 1980ರ ದಶಕದಿಂದ. ವಿಶ್ವಬ್ಯಾಂಕ್ ಮತ್ತು ಐಎಂಎಫ್ ಸಾಲದ ಷರತ್ತಿನಂತೆ ವ್ಯಾಪಾರ ಮುಕ್ತವಾಯಿತು. ಹೊರಗಿನ ಅಗ್ಗದ ಅಕ್ಕಿ ಒಳಗೆ ಬಂತು. ಅಕ್ಕಿ ಬೆಳೆಯುವುದಕ್ಕಿಂತ ಗೇರು ಮಾರಿ ಅಕ್ಕಿ ಕೊಳ್ಳುವುದು ಸಲೀಸು ಎಂಬ ಲೆಕ್ಕ ಮೇಲಿನವರಿಗೂ ಹಿಡಿಸಿತು, ರೈತರಿಗೂ ಹಿಡಿಸಿತು.

ರೈತರನ್ನು ತಪ್ಪು ಅನ್ನುವಂತಿಲ್ಲ. ಒಡ್ಡಿನ ಕೆಲಸ ಸೊಂಟ ಮುರಿಯುತ್ತದೆ. ಗೇರುಮರಕ್ಕೆ ಬೀಜ ಊರಿದರೆ ಮೂರ್ನಾಲ್ಕು ವರ್ಷಕ್ಕೆ ಫಸಲು. ಇನ್ನೊಂದು ಲಾಭವೂ ಇತ್ತು. ಮರ ನೆಟ್ಟವನಿಗೆ ಆ ನೆಲ ತನ್ನದೆಂದು ಹೇಳಿಕೊಳ್ಳುವ ಹಕ್ಕು ಗಟ್ಟಿಯಾಗುತ್ತದೆ. ಮೊದಲು ಊರಿನವರು ಒಂದಷ್ಟು ಕಾಡು ಕಡಿದು ಬೆಳೆದು, ಮತ್ತೆ ಬೀಳು ಬಿಡುತ್ತಿದ್ದ ಎತ್ತರದ ಜಾಗಗಳು ಹೀಗೆ ಒಬ್ಬೊಬ್ಬರ ಕಾಯಂ ತೋಪುಗಳಾದವು. ಬೀಳು ಕಮ್ಮಿಯಾಯಿತು, ಎತ್ತರದ ನೆಲದ ಭತ್ತವೂ ಕಮ್ಮಿಯಾಯಿತು.

ಈಗ ದೇಶದ ರಫ್ತು ಆದಾಯದ ನೂರರಲ್ಲಿ ತೊಂಬತ್ತು ಪಾಲು ಗೇರಿನದು. ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಬೀಜ. ಹಳ್ಳಿಗಳ ಬಹುಪಾಲು ಮನೆಗಳಿಗೆ ಕೈಯಲ್ಲಿ ಕಾಸು ಆಡುವುದು ಏಪ್ರಿಲ್‌ನಿಂದ ಜೂನ್‌ವರೆಗಿನ ಗೇರು ಸೀಸನ್ನಿನಲ್ಲಿ ಮಾತ್ರ. ಅದನ್ನು ಅಲ್ಲಿ 'ಕಂಪಾಂಯಾ' ಎನ್ನುತ್ತಾರೆ. ಹೆಂಗಸರು, ಮಕ್ಕಳು ಎಲ್ಲ ತೋಪಿನಲ್ಲಿ. ಹಣ್ಣು ಹಿಂಡಿ ಹೆಂಡ ಮಾಡಿ ಮಾರುವುದು ಹೆಂಗಸರ ಪಾಲಿನ ಸಂಪಾದನೆ. ನಮ್ಮಲ್ಲಿ ಬೀಜ ತೆಗೆದುಕೊಂಡು ಹಣ್ಣನ್ನು ತೋಟದಲ್ಲೇ ಕೊಳೆಯಲು ಬಿಡುತ್ತೇವೆ, ಈ ವಿಷಯದಲ್ಲಿ ಅವರೇ ವಾಸಿ.

ಕಂಪಾಂಯಾದ ತಿಂಗಳುಗಳು ಒಡ್ಡು ರಿಪೇರಿಯ ತಿಂಗಳುಗಳೂ ಹೌದು. ಮಳೆ ಬರುವ ಮೊದಲು ಒಡ್ಡಿನ ತೂತು ಮುಚ್ಚಬೇಕು, ಕುಸಿದ ಕಡೆ ಏರಿಸಬೇಕು. ಆಗಲೇ ಬೀಜ ಉದುರುವ ಕಾಲ. ಕಾಸು ಸಿಗುವ ಕೆಲಸ ಬಿಟ್ಟು ಯಾರು ಕೆಸರಿಗೆ ಇಳಿಯುತ್ತಾರೆ? ವಯಸ್ಸಿನ ಹುಡುಗರು ಹೇಗೂ ಬಿಸೌ ಸೇರಿದ್ದಾರೆ, ಕೆಲವರು ಸೆನೆಗಲ್‌ಗೆ, ಕೆಲವರು ಪೋರ್ಚುಗಲ್‌ಗೆ. ಗದ್ದೆ ಬಿಟ್ಟುಹೋಗಲು ಒಂದು ಮಳೆಗಾಲದ ಅಸಡ್ಡೆ ಸಾಕು.

ಹಳ್ಳಿಗೆ ಬರುವ ವ್ಯಾಪಾರಿ ಎಷ್ಟೋ ಸಲ ದುಡ್ಡು ತರುವುದಿಲ್ಲ, ಅಕ್ಕಿ ಮೂಟೆ ತರುತ್ತಾನೆ. ಒಳ್ಳೆಯ ವರ್ಷ ಒಂದು ಕೆಜಿ ಬೀಜಕ್ಕೆ ಒಂದು ಕೆಜಿ ಅಕ್ಕಿ. ದರ ಬಿದ್ದ ವರ್ಷ ಒಂದು ಕೆಜಿ ಅಕ್ಕಿಗೆ ಎರಡು, ಮೂರು ಕೆಜಿ ಬೀಜ ಸುರಿಯಬೇಕು. ಸರ್ಕಾರ ಪ್ರತಿ ವರ್ಷ ಕನಿಷ್ಠ ದರ ಘೋಷಿಸುತ್ತದೆ. 2018ರಲ್ಲಿ ಆಗಿನ ಅಧ್ಯಕ್ಷ ಜೋಸೆ ಮಾರಿಯೊ ವಾಜ್ ಕೆಜಿಗೆ 1,000 ಸಿಎಫ್ಎ ಫ್ರಾಂಕ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 120 ರೂಪಾಯಿ, ಎಂದು ಘೋಷಿಸಿದರು. ಕೇಳಲು ಚೆನ್ನಾಗಿತ್ತು. ವ್ಯಾಪಾರಿಗಳು ಕೊಳ್ಳಲೇ ಇಲ್ಲ. ಬೀಜ ಮನೆಯಲ್ಲಿ ಉಳಿಯಿತು. ಕೊನೆಗೆ ದರ ಅರ್ಧಕ್ಕೆ ಇಳಿಸಬೇಕಾಯಿತು. 2020ರಲ್ಲಿ ಕೋವಿಡ್ ಬಂದು ಕೊಳ್ಳುವವರೇ ತಡವಾದಾಗ ಮತ್ತೆ ಅದೇ ಸಂಕಟ. ನಿಜವಾದ ದರ ಗೊತ್ತಾಗುವುದು ಬಿಸೌನಲ್ಲಲ್ಲ, ಭಾರತ ಮತ್ತು ವಿಯೆಟ್ನಾಂನ ಕಾರ್ಖಾನೆಗಳ ಬೇಡಿಕೆಯಲ್ಲಿ.

ಮಂಗಳೂರಿನ ಬೀಜದ ಕಾರ್ಖಾನೆಗಳಿಗೆ ಈ ನಂಟು ಹೊಸದಲ್ಲ. ದೇಶದಲ್ಲಿ ಬೆಳೆಯುವ ಗೇರು ನಮ್ಮ ಕಾರ್ಖಾನೆಗಳಿಗೆ ಸಾಲದು. ಕೊಲ್ಲಂ ಇರಲಿ, ಮಂಗಳೂರು ಇರಲಿ, ಆಫ್ರಿಕಾದ ಹಸಿಬೀಜ ಬಂದರೇ ವರ್ಷವಿಡೀ ಕೆಲಸ. ಅದರಲ್ಲೂ ಬಿಸೌ ಮಾಲಿಗೆ ಬೆಲೆ ಜಾಸ್ತಿ. 80 ಕೆಜಿ ಚೀಲ ಸುಲಿದರೆ 50 ಪೌಂಡಿಗೂ ಮೇಲೆ ತಿರುಳು ಸಿಗುತ್ತದೆ ಎಂಬ ಹೆಸರು ಅದಕ್ಕೆ. ಅಷ್ಟು ಒಳ್ಳೆಯ ಬೀಜ ಬೆಳೆಯುವವರು ಅದನ್ನು ತಾವೇ ಸುಲಿಯುವುದು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ.

ಈ ವ್ಯಾಪಾರದ ಇನ್ನೊಂದು ತುದಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಭಾರತ ನುಚ್ಚಕ್ಕಿ ರಫ್ತು ನಿಲ್ಲಿಸಿತು. ಇಲ್ಲಿ ಅಕ್ಕಿ ಬೆಲೆ ಏರಬಾರದು ಎಂಬುದು ಉದ್ದೇಶ. ಪಶ್ಚಿಮ ಆಫ್ರಿಕಾದಲ್ಲಿ ನುಚ್ಚಕ್ಕಿ ಬಡವರ ದಿನದ ಊಟ. 2024ರಲ್ಲಿ, ನಿಷೇಧ ಇನ್ನೂ ಇರುವಾಗಲೇ, ಗಿನಿ-ಬಿಸೌಗೆ ಒಂದಿಷ್ಟು ನುಚ್ಚಕ್ಕಿ ಕಳಿಸಲು ದೆಹಲಿ ವಿಶೇಷ ಅನುಮತಿ ಕೊಟ್ಟಿತು. ಒಂದು ಕಾಲದಲ್ಲಿ ಅಕ್ಕಿ ಮಾರುತ್ತಿದ್ದ ನಾಡು ನುಚ್ಚಿಗಾಗಿ ಕಾಯುವಂತಾಯಿತು. ಬೀಜಕ್ಕೆ ಬೆಲೆ ಕಟ್ಟುವುದರಲ್ಲಿ ನಮ್ಮ ಕೈ, ಅಕ್ಕಿಗೆ ಬಾಗಿಲು ತೆರೆಯುವುದರಲ್ಲೂ ನಮ್ಮ ಕೈ. ಯಾರೋ ಕೂತು ಮಾಡಿದ ಸಂಚಲ್ಲ ಇದು. ಆದರೆ ಆ ಹಳ್ಳಿಯ ಮನೆಯಿಂದ ನೋಡಿದರೆ ಏನು ವ್ಯತ್ಯಾಸ?

ಏರುವ ನೀರು

ಹಾಗಂತ ಸಮುದ್ರದ ಪಾತ್ರ ಸಣ್ಣದಲ್ಲ. ವಾಯವ್ಯದ ವರೆಲಾ ಕಡಲತೀರ ವರ್ಷವರ್ಷವೂ ಕೊರೆದು ಹೋಗುತ್ತಿದೆ. ಕಶೇವು ಪ್ರದೇಶದ ಜೊಬೆಲ್ ಎಂಬ ಊರಿನಲ್ಲಿ ನೀರು ಮನೆಯಂಗಳಕ್ಕೇ ಬರುತ್ತದೆ. ಅಲ್ಲಿಯವರು ಫೆಲುಪೆ ಜನ. ಊರನ್ನೇ ಎತ್ತರದ ನೆಲಕ್ಕೆ ಸಾಗಿಸುವ ಮಾತು ಬಂದಾಗ, ಆ ನೆಲ ತಮ್ಮದು ಎಂದು ಪಕ್ಕದ ಊರಿನವರು ತಕರಾರು ತೆಗೆದರು. ಹವಾಮಾನ ವಲಸೆ ಅಂದರೆ ಗಡಿ ದಾಟಿ ಯುರೋಪಿಗೆ ಹೋಗುವುದು ಎಂದೇ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಕೂಗಳತೆ ದೂರದ ಜಾಗಕ್ಕಾಗಿ ನೆಂಟರ ನಡುವೆಯೇ ನಡೆಯುವ ಜಗಳ.

ಬರಗಾಲದ ದಶಕಗಳಿಗಿಂತ ಈಗ ಮಳೆ ಪರವಾಗಿಲ್ಲ. ಆದರೆ ನಂಬುವಂತಿಲ್ಲ. ತಡವಾಗಿ ಶುರುವಾಗುತ್ತದೆ, ನಡುವೆ ವಾರಗಟ್ಟಲೆ ಮಾಯವಾಗುತ್ತದೆ, ಬಂದರೆ ಒಮ್ಮೆಲೇ ಸುರಿಯುತ್ತದೆ. ಉಪ್ಪು ತೊಳೆಯಲು ಒಂದೇ ಸಮನೆ ಬೀಳುವ ಮಳೆ ಬೇಕು, ಒಡ್ಡು ಒಡೆಯುವ ಮಳೆಯಲ್ಲ. ರೈತರು ಕಮ್ಮಿ ದಿನದ ತಳಿಗಳಿಗೆ ಬದಲಾಗುತ್ತಿದ್ದಾರೆ. ಒಡ್ಡನ್ನು ಇನ್ನಷ್ಟು ಎತ್ತರ ಮಾಡಬೇಕು ಎನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತರ ಮಾಡುವವರು ಬೇಕು.

ಕೈಬಿಟ್ಟ ಕೆಲವು ಬೊಲಾಂಯಾಗಳಲ್ಲಿ ಈಗ ಒಡ್ಡನ್ನು ಬೇಕಂತಲೇ ಒಡೆದು ಉಬ್ಬರದ ನೀರು ಒಳಗೆ ಬಿಡುತ್ತಿದ್ದಾರೆ. ಕಾಂಡ್ಲಾ ಬೀಜ ನೀರಿನ ಜೊತೆ ತಾನೇ ಬಂದು ಬೇರು ಬಿಡುತ್ತದೆ. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಒಳ್ಳೆಯ ದಾರಿ. ಹೊರಗೆ ಕಾಂಡ್ಲಾ ದಟ್ಟವಾಗಿದ್ದರೆ ಒಳಗಿನ ಒಡ್ಡಿಗೆ ಅಲೆಯ ಹೊಡೆತ ಕಮ್ಮಿ. ಮೀನು, ಸಿಗಡಿಯೂ ಹೆಚ್ಚುತ್ತವೆ. ಕಾಡು ಬೇಕೋ ಗದ್ದೆ ಬೇಕೋ ಎಂಬ ಜಗಳಕ್ಕೆ ಇಲ್ಲಿ ಅರ್ಥವಿಲ್ಲ.

ಬಿಸೌನಲ್ಲಿ ಕರೆಂಟು ಎಲ್ಲಿಂದ?

ಇದನ್ನೆಲ್ಲ ನೋಡಿಕೊಳ್ಳಬೇಕಾದ ಸರ್ಕಾರದ ಸ್ಥಿತಿ ಬೇಗ ಹೇಳಿ ಮುಗಿಸಬಹುದು. 1980, 2003, 2012, 2025: ಅಧಿಕಾರ ಕೋವಿಯ ಮೂಲಕ ಕೈ ಬದಲಾದ ವರ್ಷಗಳು. ನಡುವೆ 1998-99ರಲ್ಲಿ ಅಂತರ್ಯುದ್ಧ, 2009ರಲ್ಲಿ ಅಧ್ಯಕ್ಷ ವಿಯೇರಾ ಕೊಲೆ. ದಕ್ಷಿಣ ಅಮೆರಿಕದಿಂದ ಯುರೋಪಿಗೆ ಹೋಗುವ ಕೊಕೇನ್‌ಗೆ ಇದು ದಾರಿಯ ತಂಗುದಾಣ. 2024ರ ಸೆಪ್ಟೆಂಬರ್‌ನಲ್ಲಿ ವೆನೆಜುವೆಲಾದಿಂದ ಬಂದ ಒಂದೇ ವಿಮಾನದಲ್ಲಿ 2.6 ಟನ್ ಸಿಕ್ಕಿತು. ರಾಜಧಾನಿಗೆ ಕೆಲವು ವರ್ಷ ಕರೆಂಟು ಕೊಟ್ಟಿದ್ದು ಟರ್ಕಿ ಕಂಪನಿಯೊಂದರ ಹಡಗು. ತೀರದಲ್ಲಿ ನಿಂತ ಹಡಗಿನ ಮೇಲೆಯೇ ವಿದ್ಯುತ್ ಸ್ಥಾವರ. 2023ರ ಅಕ್ಟೋಬರ್‌ನಲ್ಲಿ ಬಿಲ್ಲು ಕಟ್ಟಲಿಲ್ಲವೆಂದು ಹಡಗಿನವರು ಸ್ವಿಚ್ ಆರಿಸಿದರು. ನಗರ ಕತ್ತಲಾಯಿತು.

ಗೇರು ಸುಲಿಯುವ ಕಾರ್ಖಾನೆ ಯಾಕಿಲ್ಲ ಎಂದು ಕೇಳುವವರಿಗೆ ಈ ಹಡಗು ಅರ್ಧ ಉತ್ತರ. ಉಳಿದರ್ಧ ಬಂಡವಾಳದ್ದು. ಮೂರು ತಿಂಗಳಲ್ಲಿ ಬೀಜ ಕೊಂಡು ಹನ್ನೆರಡು ತಿಂಗಳು ಸುಲಿಯಬೇಕಾದರೆ ಕಮ್ಮಿ ಬಡ್ಡಿಯ ಸಾಲ ಬೇಕು. ಸೀಸನ್ ನಡುವೆ ಸರ್ಕಾರವೇ ಬಿದ್ದುಹೋಗುವ ಕಡೆ ಅಂಥ ಸಾಲ ಕೊಡುವ ಬ್ಯಾಂಕ್ ಯಾವುದು? ಪಶ್ಚಿಮ ಆಫ್ರಿಕಾದ್ದೇ ಆದ ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಹಸಿಬೀಜ ರಫ್ತು ನಿಲ್ಲಿಸಿ ತನ್ನಲ್ಲೇ ಸುಲಿಯುವ ಹಾದಿ ಹಿಡಿಯಿತು. ಐವರಿ ಕೋಸ್ಟ್ ಕೂಡ ಕಾರ್ಖಾನೆ ಹೆಚ್ಚಿಸುತ್ತಿದೆ. ಗಿನಿ-ಬಿಸೌ ಇವತ್ತು ಅದೇ ಕಾನೂನು ಮಾಡಿದರೆ ಬೀಜ ಕೊಳೆಯುತ್ತದೆ, ಇಲ್ಲವೇ ರಾತ್ರಿ ಲಾರಿ ಹತ್ತಿ ಸೆನೆಗಲ್ ಗಡಿ ದಾಟುತ್ತದೆ. ಆ ಕಳ್ಳದಾರಿ ಈಗಲೂ ಇದೆ. ಆದರೆ ಸುತ್ತಲಿನ ದೇಶಗಳೆಲ್ಲ ಒಂದೊಂದಾಗಿ ಬಾಗಿಲು ಹಾಕುತ್ತ ಹೋದರೆ, ಮಂಗಳೂರಿನವರಿಗೂ ಬಿಸೌ ಬಂದರಿನ ಮೇಲೆ ಅವಲಂಬನೆ ಜಾಸ್ತಿಯಾಗುತ್ತದೆ. ಆಗ ಬೆಲೆ ಕೇಳುವ ಶಕ್ತಿ ಗಿನಿ-ಬಿಸೌನವರಿಗೂ ಸ್ವಲ್ಪ ಬರಬಹುದು.

ನನಗೆ ಮಾತ್ರ ಕಾರ್ಖಾನೆಗಿಂತ ಮೊದಲು ಒಡ್ಡು ಮುಖ್ಯ ಅನ್ನಿಸುತ್ತದೆ. ಮನೆಯಲ್ಲಿ ಮಳೆಗಾಲ ದಾಟುವಷ್ಟು ಅಕ್ಕಿ ಇರುವ ರೈತ, ದರ ಬಿದ್ದ ವರ್ಷ ಬೀಜವನ್ನು ಒಂದೆರಡು ತಿಂಗಳು ಕೂಡಿಟ್ಟು ಚೌಕಾಸಿ ಮಾಡಬಲ್ಲ. ಅಕ್ಕಿ ಇಲ್ಲದವನು ಮೊದಲು ಬಂದ ವ್ಯಾಪಾರಿ ಹೇಳಿದ ದರಕ್ಕೇ ಕೊಡಬೇಕು. ಹೊಸ ಸೈನಿಕ ಸರ್ಕಾರ ಮುಂದಿನ ಕಂಪಾಂಯಾಕ್ಕೆ ಎಷ್ಟು ಫ್ರಾಂಕ್ ಘೋಷಿಸುತ್ತದೆ ಎಂದು ಎಲ್ಲರೂ ನೋಡುತ್ತಾರೆ. ಗೇರು ಉದುರುವ ಅದೇ ತಿಂಗಳುಗಳಲ್ಲಿ ಒಡ್ಡಿನ ಕೆಲಸಕ್ಕೆ ಕೂಲಿ ಕೊಡಲು ಯಾರಾದರೂ, ಸರ್ಕಾರವೋ ನೆರವು ಸಂಸ್ಥೆಗಳೋ, ದುಡ್ಡು ತೆಗೆದಿಡುತ್ತಾರೆಯೇ ಎಂಬುದನ್ನು ನಾನಾದರೆ ನೋಡುತ್ತೇನೆ.